ಎಂಬಿಎ ಓದೋಕೆ ಬೆಂಗಳೂರೇ ಆಗಬೇಕಾ, ಮಂಗಳೂರು ಸಾಲದಾ?

ಪ್ರಶ್ನೆ: ನನ್ನ ಊರು ಕೊಪ್ಪ. ಬಿ.ಕಾಂ. ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ, ಇಲ್ಲಿವರೆಗೆ ಶೇ 68 ಬಂದಿದೆ. ಎಂಬಿಎ ಮಾಡುವ ಆಸೆ. ಕೆಲಸ ಇರೋದೇ ಬೆಂಗಳೂರಲ್ಲಿ, ಅಲ್ಲಿಗೇ ಹೋಗು ಅನ್ನುತ್ತಾರೆ ಮಾವ. ಅಲ್ಲಿಯ ಫೀಸು, ಪಿಜಿ ಬಾಡಿಗೆ ಕೇಳಿದ ಮೇಲೆ ಅಪ್ಪ ತೋಟ ಅಡ ಇಟ್ಟು ಸಾಲ ತೆಗೆಯುವ ಮಾತಾಡುತ್ತಿದ್ದಾರೆ. ನನಗೆ ಮಂಗಳೂರು ಸಾಕು ಅನ್ನಿಸುತ್ತದೆ. ಅಲ್ಲಿ ಓದಿದರೆ ಕೆಲಸ ಸಿಗುತ್ತದಾ?

ಉತ್ತರ: ಸಿಗುತ್ತದೆ. ಆದರೆ ಎಲ್ಲ ಥರದ ಕೆಲಸವೂ ಅಲ್ಲಿ ಸಿಗುವುದಿಲ್ಲ, ಅದನ್ನು ಮೊದಲೇ ತಿಳಿದುಕೊಂಡು ಹೋಗಿ. ಸೋಪು, ಬಿಸ್ಕತ್ತು, ಮೊಬೈಲು ಮಾರುವ ದೊಡ್ಡ ಕಂಪನಿಗಳ ಮಾರ್ಕೆಟಿಂಗ್ ವಿಭಾಗ, ಸ್ಟಾರ್ಟಪ್, ಕನ್ಸಲ್ಟಿಂಗ್ ನಿಮ್ಮ ಮನಸ್ಸಲ್ಲಿದ್ದರೆ ಮಾವ ಹೇಳಿದ್ದು ಸರಿ, ಬೆಂಗಳೂರಿಗೆ ಹೋಗಿ. ಫೈನಾನ್ಸ್, ಬ್ಯಾಂಕಿಂಗ್, ರಫ್ತು, ಲಾಜಿಸ್ಟಿಕ್ಸ್ ಕಡೆ ಒಲವಿದ್ದರೆ ಮಂಗಳೂರಿನಲ್ಲಿ ಓದುವುದೇ ಒಳ್ಳೆಯದು ಅನ್ನುತ್ತೇನೆ ನಾನು. ಬಿ.ಕಾಂ. ಮಾಡಿದವರಿಗೆ ಅದು ಹತ್ತಿರದ ದಾರಿ ಕೂಡ.

ಬ್ಯಾಂಕಿನ ಊರು ಅಂತ ಮಂಗಳೂರಿಗೆ ಹಳೇ ಹೆಸರಿದೆ. ಕೆನರಾ ಬ್ಯಾಂಕ್ 1906ರಲ್ಲಿ ಹುಟ್ಟಿದ್ದು ಅಲ್ಲೇ, ವಿಜಯಾ ಬ್ಯಾಂಕ್ ಕೂಡ. ಆ ಹೆಸರನ್ನೇ ನಂಬಿ ಹೋಗಬೇಡಿ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಜೊತೆ ಸೇರಿಹೋಯಿತು, ಪಾಂಡೇಶ್ವರದಲ್ಲಿ ಪ್ರಧಾನ ಕಚೇರಿ ಇದ್ದ ಕಾರ್ಪೊರೇಷನ್ ಬ್ಯಾಂಕ್ 2020ರಲ್ಲಿ ಯೂನಿಯನ್ ಬ್ಯಾಂಕ್ ಪಾಲಾಯಿತು. ಕರ್ಣಾಟಕ ಬ್ಯಾಂಕ್ ಮಾತ್ರ 1924ರಿಂದ ಇವತ್ತಿಗೂ ಮಂಗಳೂರಿನದೇ. ಇದರ ಜೊತೆಗೆ ಇನ್ಫೋಸಿಸ್, ಕಾಗ್ನಿಜೆಂಟ್ ಇವೆ, ತೈಲ ಸಂಸ್ಕರಿಸುವ ಎಂಆರ್‌ಪಿಎಲ್ ಇದೆ. ಅಡಿಕೆ ಮನೆಯವರಿಗೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೋ ಬಗ್ಗೆ ನಾನು ಹೇಳಬೇಕಾಗಿಲ್ಲ, ಅಲ್ವಾ?

ಆದರೆ ಓದುಗರು ಯಾರೂ ಕೇಳದ, ನನಗೆ ತುಂಬಾ ಮುಖ್ಯ ಅನ್ನಿಸುವ ಜಾಗ ಪಣಂಬೂರಿನ ಬಂದರು. ನಿಮ್ಮ ಜಿಲ್ಲೆಯ ಕಾಫಿಯನ್ನೇ ತೆಗೆದುಕೊಳ್ಳಿ. ಇಟಲಿಯವರು ಒಂದು ಕಂಟೇನರ್ ಕಾಫಿ ಕೊಂಡರು ಅಂತಿಟ್ಟುಕೊಳ್ಳಿ. ಕ್ಯೂರಿಂಗ್ ವರ್ಕ್ಸ್‌ನಿಂದ, ಅಂದರೆ ಕಾಫಿಯ ಸಿಪ್ಪೆ ತೆಗೆದು ಹಸನು ಮಾಡುವ ಕಾರ್ಖಾನೆಯಿಂದ, ಬೀಜ ಬಂದರಿಗೆ ಬರುವಷ್ಟರಲ್ಲಿ ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಕಾಫಿ ಯಾವ ದೇಶದ್ದು ಅನ್ನುವ ಪ್ರಮಾಣಪತ್ರ, ವಿಮೆ ಎಲ್ಲ ತಯಾರಿರಬೇಕು. ಕಸ್ಟಮ್ಸ್‌ಗೆ ಆನ್‌ಲೈನ್‌ನಲ್ಲಿ ಷಿಪ್ಪಿಂಗ್ ಬಿಲ್, ಅಂದರೆ ರಫ್ತಿಗೆ ಅನುಮತಿ ಕೇಳುವ ಅರ್ಜಿ, ಸಲ್ಲಿಸಬೇಕು. ಕಂಟೇನರ್ ಹಡಗು ಹತ್ತಿದ ಮೇಲೆ ಹಡಗು ಕಂಪನಿಯಿಂದ ಬಿಲ್ ಆಫ್ ಲೇಡಿಂಗ್ (ಸರಕು ಪಡೆದದ್ದಕ್ಕೆ ರಸೀದಿ) ಪಡೆದು, ಎಲ್ಲ ಕಾಗದವನ್ನೂ ಸೇರಿಸಿ ಬ್ಯಾಂಕಿಗೆ ಕೊಡಬೇಕು. ಎಲ್‌ಸಿ (ಕಾಗದ ಸರಿಯಿದ್ದರೆ ದುಡ್ಡು ಕೊಡುತ್ತೇವೆ ಅಂತ ಕೊಳ್ಳುವವರ ಬ್ಯಾಂಕು ಬರೆದುಕೊಡುವ ಲೆಟರ್ ಆಫ್ ಕ್ರೆಡಿಟ್) ಮೇಲೆ ವ್ಯಾಪಾರ ಆಗಿದ್ದರೆ ಬ್ಯಾಂಕಿನವರು ಕಾಗದಗಳನ್ನು ಒಂದಕ್ಕೊಂದು ಹೋಲಿಸಿ ನೋಡುತ್ತಾರೆ, ಒಂದರಲ್ಲಿ ತೂಕ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಇದ್ದರೂ ಸಾಕು, ತಕರಾರು ತೆಗೆದು ದುಡ್ಡು ತಡೆಹಿಡಿಯುತ್ತಾರೆ. ಈ ಒಂದೊಂದು ಹಂತದಲ್ಲೂ ಒಬ್ಬೊಬ್ಬರು ಕೆಲಸ ಮಾಡುತ್ತಿರುತ್ತಾರೆ: ರಫ್ತುದಾರರ ಆಫೀಸಿನಲ್ಲಿ, ರಫ್ತುದಾರರ ಪರವಾಗಿ ಕಸ್ಟಮ್ಸ್ ಕೆಲಸ ಮಾಡಿಕೊಡುವ ಕಸ್ಟಮ್ಸ್ ಬ್ರೋಕರ್ ಹತ್ತಿರ, ಬ್ಯಾಂಕಿನ ಫಾರಿನ್ ಎಕ್ಸ್‌ಚೇಂಜ್ ವಿಭಾಗದಲ್ಲಿ. ಆಫ್ರಿಕಾದಿಂದ ಬರುವ ಹಸಿ ಗೋಡಂಬಿಗೂ ಹೀಗೇ ಕಾಗದದ ಸಾಲು ಇರುತ್ತದೆ. ಎಂಬಿಎ ಇಂಟರ್ನ್‌ಷಿಪ್‌ಗೆ ಇಂಥ ಒಂದು ಆಫೀಸು ಹುಡುಕಿಕೊಳ್ಳಿ. ಎರಡು ತಿಂಗಳು ಅಲ್ಲಿ ಕೂತು ಕಾಗದ ಓದಿದವರಿಗೂ ಪ್ರಾಜೆಕ್ಟ್ ರಿಪೋರ್ಟ್ ಕಾಪಿ ಹೊಡೆದವರಿಗೂ ಇರುವ ವ್ಯತ್ಯಾಸ ಇಂಟರ್ವ್ಯೂನಲ್ಲಿ ಐದೇ ನಿಮಿಷಕ್ಕೆ ಗೊತ್ತಾಗುತ್ತದೆ.

ಕಾಲೇಜಿನ ವಿಷಯ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಎಂಬಿಎ ಇದೆ. ಬೀರಿಯಲ್ಲಿ ಸೇಂಟ್ ಅಲೋಶಿಯಸ್‌ನವರದ್ದು, ನಿಟ್ಟೆಯಲ್ಲಿ ಕೆ.ಎಸ್. ಹೆಗ್ಡೆ ಹೆಸರಿನದು ಇವೆ. ಮಣಿಪಾಲದ ಟ್ಯಾಪ್ಮಿ ಬೇರೆಯೇ ಮಟ್ಟದ್ದು, ಫೀಸೂ ಜಾಸ್ತಿ, ಪೈಪೋಟಿಯೂ ಜಾಸ್ತಿ. ಸರ್ಕಾರಿ ಕೋಟಾದ ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಪಿಜಿಸಿಇಟಿ ಪ್ರವೇಶ ಪರೀಕ್ಷೆ ಬರೆಯಬೇಕು. ಡಿಗ್ರಿಯಲ್ಲಿ ಶೇ 50 ಇರಬೇಕು, ಪರಿಶಿಷ್ಟರಿಗೆ ಮತ್ತು ಪ್ರವರ್ಗ-1ರವರಿಗೆ ಶೇ 45 ಸಾಕು. ನಿಮಗೆ ಅಂಕದ ಚಿಂತೆ ಇಲ್ಲ. ರ್‍ಯಾಂಕ್ ಚೆನ್ನಾಗಿ ಬಂದರೆ ಫೀಸಿನ ಭಾರ ತುಂಬಾ ಇಳಿಯುತ್ತದೆ, ಹಾಗಾಗಿ ಈಗಿನಿಂದಲೇ ದಿನಾ ಒಂದು ಗಂಟೆ ಲೆಕ್ಕ ಮತ್ತು ರೀಸನಿಂಗ್‌ಗೆ ಕೊಡಿ.

ಸೇರುವ ಮೊದಲು ಕಾಲೇಜಿನವರ ಹತ್ತಿರ ಮುಲಾಜಿಲ್ಲದೆ ಕೇಳಿ. ‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಅಂತ ಬೋರ್ಡ್ ಹಾಕಿರುತ್ತಾರೆ, ಅದರಲ್ಲಿ ಎಷ್ಟು ಜನಕ್ಕೆ ಮಂಗಳೂರಿನಲ್ಲೇ ಕೆಲಸ ಸಿಕ್ಕಿತು, ಏನು ಕೆಲಸ, ಮಧ್ಯದಲ್ಲಿರುವ ವಿದ್ಯಾರ್ಥಿಗೆ ಸಂಬಳ ಎಷ್ಟು? ಎಲ್ಲಕ್ಕಿಂತ ಜಾಸ್ತಿ ಸಂಬಳ ಪಡೆದ ಒಬ್ಬರ ಫೋಟೋ ನೋಡಿ ಏನೂ ಗೊತ್ತಾಗುವುದಿಲ್ಲ. ‘ಮ್ಯಾನೇಜ್‌ಮೆಂಟ್ ಟ್ರೈನಿ’ ಅಂತ ಸೇರಿಸಿಕೊಂಡು ಇನ್ಶೂರೆನ್ಸ್ ಪಾಲಿಸಿ, ಪರ್ಸನಲ್ ಲೋನ್ ಮಾರಿಸುವವರೂ ಇದ್ದಾರೆ. ಹೋದ ವರ್ಷ ಪಾಸಾದ ಮೂರ್ನಾಲ್ಕು ಜನರ ಜೊತೆ ನೇರವಾಗಿ ಮಾತಾಡಿ. ಕಾಲೇಜಿನವರು ಕೊಟ್ಟ ನಂಬರ್‌ಗೆ ಮಾತ್ರ ಮಾಡಬೇಡಿ, ಲಿಂಕ್ಡ್‌ಇನ್‌ನಲ್ಲಿ ನೀವೇ ಹುಡುಕಿ.

ಮೊದಲ ಸಂಬಳ ಬೆಂಗಳೂರಿಗಿಂತ ಕಮ್ಮಿಯೇ ಇರುತ್ತದೆ, ಸುಮ್ನೆ ಆಸೆ ಹುಟ್ಟಿಸುವುದಿಲ್ಲ. ಬಾಡಿಗೆ, ಊಟ, ಓಡಾಟ ಕಳೆದು ಕೈಯಲ್ಲಿ ಏನು ಉಳಿಯುತ್ತದೆ ಅಂತ ಮಾವನ ಎದುರೇ ಕೂತು ಲೆಕ್ಕ ಹಾಕಿ. ಎರಡು ಮೂರು ವರ್ಷ ಕೆಲಸ ಕಲಿತ ಮೇಲೆ ಬೆಂಗಳೂರಿಗೋ ಮುಂಬೈಗೋ ದುಬೈಗೋ ಹೋಗುವವರು ಆ ಕಡೆ ಬಹಳ ಜನ ಇದ್ದಾರೆ, ನೀವೂ ಹೋಗಬಹುದು.

ಇನ್ನು ಅಪ್ಪನ ತೋಟ. ದಯವಿಟ್ಟು ಅದನ್ನು ಮುಟ್ಟಬೇಡಿ. ₹4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕು ಅಡಮಾನ ಕೇಳುವ ಹಾಗಿಲ್ಲ. ಕೇಂದ್ರದ ಸಾಲ ಖಾತರಿ ಯೋಜನೆಯಡಿ ₹7.5 ಲಕ್ಷದವರೆಗೂ ಅಡಮಾನವಿಲ್ಲದೆ ಕೊಡುತ್ತಾರೆ, ಅಪ್ಪ ಜೊತೆಗೆ ಸಹಿ ಹಾಕಿದರೆ ಸಾಕು. ಕಂತು ಶುರುವಾಗುವುದು ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷದ ಮೇಲೆ. ಸೀಟು ಸಿಕ್ಕ ಪತ್ರ, ಕಾಲೇಜು ಕೊಟ್ಟ ಫೀಸಿನ ವಿವರ, ಅಂಕಪಟ್ಟಿ ಹಿಡಿದುಕೊಂಡು ನಿಮ್ಮ ಖಾತೆ ಇರುವ ಬ್ರಾಂಚಿಗೆ ಹೋಗಿ. ಮ್ಯಾನೇಜರ್ ಪಹಣಿ ತನ್ನಿ ಅಂದರೆ, ಯಾವ ನಿಯಮದ ಪ್ರಕಾರ ಅಂತ ಬರೆದು ಕೊಡಲು ಕೇಳಿ.