ಗೆಳೆಯ ಕೊಟ್ಟ 500 ಟಿ ರೋಲು, ಬೀದರ್ ಬಿಸಿಲಿಗೆ ನಡೆಯುತ್ತದಾ?

ಪ್ರಶ್ನೆ: ಅಪ್ಪನ ಪೆಂಟ್ಯಾಕ್ಸ್ ಕೆ1000 ಕ್ಯಾಮೆರಾ ಈಗ ನನ್ನ ಹತ್ತಿರ ಇದೆ. ಇದುವರೆಗೆ ಕೊಡಾಕ್ ಗೋಲ್ಡ್ 200 ಮಾತ್ರ ಹಾಕಿದ್ದೇನೆ. ಹೈದರಾಬಾದಿನ ಗೆಳೆಯ ಒಂದು ಕಲರ್ ರೋಲು ಕೊಟ್ಟಿದ್ದಾನೆ. ಅದರ ಮೇಲೆ ಕಂಪನಿ ಲೇಬಲ್ ಇಲ್ಲ, ಪೆನ್ನಿನಲ್ಲಿ ‘ವಿಷನ್3 500 ಟಿ’ ಎಂದು ಬರೆದಿದೆ ಅಷ್ಟೇ. ಮುಂದಿನ ತಿಂಗಳು ತಂಗಿಯ ಮದುವೆ. ಅದಕ್ಕೇ ಹಾಕಲಾ?
– ಓದುಗರು, ಬೀದರ್

ಉತ್ತರ: ಮದುವೆಗೆ ಬೇಡ. ಅಲ್ಲಿಗೆ ನಿಮಗೆ ಗೊತ್ತಿರುವ ಗೋಲ್ಡ್ 200 ಮತ್ತು ಫ್ಲ್ಯಾಶ್ ಇರಲಿ. ಈ ರೋಲನ್ನು ಅದಕ್ಕೂ ಮುಂಚೆ ಒಂದು ಸಂಜೆ ಸುಮ್ನೆ ಕಲಿಯೋದಕ್ಕೆ ಅಂತ ಇಟ್ಟುಕೊಳ್ಳಿ.

ವಿಷನ್3 ಅಂದರೆ ಕೊಡಾಕ್ ಸಿನಿಮಾ ಕ್ಯಾಮೆರಾಗೆ ಮಾಡಿದ ಫಿಲ್ಮ್. ಉದ್ದನೆಯ ಸುರುಳಿಯಿಂದ ಕತ್ತರಿಸಿ ಯಾರೋ ಕೈಯಲ್ಲಿ ತುಂಬಿದ್ದಾರೆ. ‘500’ ಅಂದರೆ ಫಿಲ್ಮಿನ ವೇಗ, ಬೆಳಕಿಗೆ ಅದು ಎಷ್ಟು ಚುರುಕು ಎಂಬ ಅಳತೆ. ‘ಟಿ’ ಅಂದರೆ ಟಂಗ್‌ಸ್ಟನ್. ಸ್ಟುಡಿಯೋದ ಹಳದಿ ದೀಪಕ್ಕೆ, ಅಂದರೆ 3200 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಬೆಳಕಿಗೆ ಇದರ ಬಣ್ಣ ಹೊಂದಿಸಿರುತ್ತಾರೆ. ಹಗಲ ಬೆಳಕು ಸುಮಾರು 5500 ಕೆಲ್ವಿನ್. ಹಾಗಾಗಿ ಹೊರಗೆ ತೆಗೆದರೆ ಎಲ್ಲಕ್ಕೂ ನೀಲಿ ಬಳಿದಂತೆ ಬರುತ್ತದೆ. ನಾನು ಮೊದಲ ಸಲ ಇಂಥ ರೋಲನ್ನು ಅಷ್ಟೂರಿನ ಗುಮ್ಮಟಗಳ ಹತ್ತಿರ ಮುಗಿಸಿದೆ. ಸ್ಕ್ಯಾನ್‌ನಲ್ಲಿ ಎಷ್ಟು ತಿದ್ದಿದರೂ ನೆರಳಿನ ನೀಲಿ ಹೋಗಲಿಲ್ಲ. ಇವತ್ತಿಗೂ ಬೇಜಾರಿದೆ.

ಇದಕ್ಕೆ ಉಪಾಯ 85ಬಿ ಎಂಬ ಕಿತ್ತಳೆ ಬಣ್ಣದ ಫಿಲ್ಟರ್. ನಿಮ್ಮ ಕ್ಯಾಮೆರಾದಲ್ಲಿ ಮಾಮೂಲಿ 50 ಎಂಎಂ ಎಫ್/2 ಲೆನ್ಸ್ ಇದ್ದರೆ 49 ಎಂಎಂ ಅಳತೆಯದು ಕೂರುತ್ತದೆ. ಇಲ್ಲೊಂದು ತಪ್ಪು ಜಾಸ್ತಿ ಜನ ಮಾಡುತ್ತಾರೆ. ಈ ಫಿಲ್ಟರ್ ಹಾಕಿದರೆ ಫಿಲ್ಮಿನ ವೇಗ 320 ಎಂದು ಓದಿಕೊಂಡು ಕ್ಯಾಮೆರಾದಲ್ಲಿ ಫಿಲ್ಮಿನ ವೇಗ ಹೊಂದಿಸುವ ಡಯಲ್ ಅನ್ನೂ 320ಕ್ಕೆ ತಿರುಗಿಸುತ್ತಾರೆ. ಆದರೆ ಕೆ1000ರ ಮೀಟರ್ ಲೆನ್ಸಿನ ಒಳಗಿಂದಲೇ ಬೆಳಕು ಅಳೆಯುತ್ತದೆ. ಫಿಲ್ಟರ್ ಕಡಿಮೆ ಮಾಡಿದ ಬೆಳಕನ್ನು ಅದು ಆಗಲೇ ಲೆಕ್ಕಕ್ಕೆ ತಗೊಂಡಿರುತ್ತದೆ. ನೀವು ಡಯಲ್ ಅನ್ನು 400ಕ್ಕೆ ಇಟ್ಟು ಬಿಡಿ. 500ರ ಬದಲು 400 ಇಟ್ಟರೆ ಸ್ವಲ್ಪ ಜಾಸ್ತಿ ಬೆಳಕು ಬೀಳುತ್ತದೆ, ಅದನ್ನು ನೆಗೆಟಿವ್ ತಡೆದುಕೊಳ್ಳುತ್ತದೆ. ಕಡಿಮೆ ಬಿದ್ದರೆ ನೆರಳು ಮಸುಕಾಗಿ, ಕಾಳುಕಾಳಾಗಿ ಕಾಣುತ್ತದೆ.

ಮಧ್ಯಾಹ್ನದ ಬಿಸಿಲಿಗೆ ಈ ಫಿಲ್ಮ್ ತುಂಬಾ ಚುರುಕು. ಫಿಲ್ಟರ್ ಇಲ್ಲದಿದ್ದರೆ ಲೆನ್ಸಿನ ಕಿಂಡಿ ಎಫ್/16ರಲ್ಲಿದ್ದಾಗ ಶಟರ್ 1/500 ಸೆಕೆಂಡ್, ಎಫ್/11ರಲ್ಲಿ 1/1000 ಬೇಕು. ನಿಮ್ಮ ಶಟರ್ ಓಡುವುದೇ 1/1000ರವರೆಗೆ. ಅದಕ್ಕೇ ಸಂಜೆ ಅಂದೆ. ನಾಲ್ಕೂವರೆ ಮೇಲೆ ಮಹಮೂದ್ ಗವಾನ್ ಮದರಸಾಕ್ಕೆ ಹೋಗಿ. 1472ರ ಕಟ್ಟಡ. ಉಳಿದಿರುವ ಮಿನಾರಿನ ಮೇಲೆ ಬಣ್ಣದ ಹೆಂಚಿನ ತುಣುಕುಗಳು ಇನ್ನೂ ಇವೆ. ಬಣ್ಣ ಪರೀಕ್ಷೆಗೆ ಊರಿನಲ್ಲಿ ಇದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ. ಬಿಳಿ ಅಂಗಿ ಹಾಕಿದ ಒಬ್ಬರನ್ನು ಮುಂದೆ ನಿಲ್ಲಿಸಿ. ಬಿಳಿ ಬಟ್ಟೆ ಮತ್ತು ಮುಖದ ಬಣ್ಣ ಸುಳ್ಳು ಹೇಳುವುದಿಲ್ಲ. ಮೀಟರ್ ಹೇಳಿದಷ್ಟಕ್ಕೆ ಒಂದು ಫ್ರೇಮ್ ತೆಗೆಯಿರಿ, ಆಮೇಲೆ ಒಂದು ಸ್ಟಾಪ್ ಜಾಸ್ತಿ, ಎರಡು ಸ್ಟಾಪ್ ಜಾಸ್ತಿ, ಒಂದು ಸ್ಟಾಪ್ ಕಡಿಮೆ. ಒಂದು ಸ್ಟಾಪ್ ಜಾಸ್ತಿ ಅಂದರೆ ಬೆಳಕು ದುಪ್ಪಟ್ಟು, ಕಡಿಮೆ ಅಂದರೆ ಅರ್ಧ. ಆಮೇಲೆ ಫಿಲ್ಟರ್ ತೆಗೆದು ಇನ್ನೊಮ್ಮೆ. ಪ್ರತಿ ಫ್ರೇಮಿನ ಲೆಕ್ಕ ಚೀಟಿಯಲ್ಲಿ ಬರೆದಿಡಿ.

ಉಳಿದದ್ದನ್ನು ಕತ್ತಲಾದ ಮೇಲೆ ತೆಗೆಯಿರಿ, ಫಿಲ್ಟರ್ ಬೇಡ. ಹಳದಿ ಬಲ್ಬಿನ ಚಹಾ ಅಂಗಡಿ ಸಿಕ್ಕರೆ ಬಿಡಬೇಡಿ, ಈ ಫಿಲ್ಮ್ ಹುಟ್ಟಿದ್ದೇ ಅಂಥ ಬೆಳಕಿಗೆ. ಎಲ್‌ಇಡಿ ದೀಪದಲ್ಲಿ ಮಾತ್ರ ಕೆಲವೊಮ್ಮೆ ಹಸಿರು ಛಾಯೆ ಬರುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಇಂಥ ಸಿನಿಮಾ ಫಿಲ್ಮಿನ ಬೆನ್ನಿಗೆ ಬಹುಕಾಲ ರೆಮ್‌ಜೆಟ್ ಎಂಬ ಕಪ್ಪು ಇದ್ದಿಲಿನ ಪದರ ಇರುತ್ತಿತ್ತು. 2025ರಿಂದ ಕೊಡಾಕ್ ಅದನ್ನು ಬಿಡುತ್ತಾ ಬಂದಿದೆ, ಆದರೆ ನಿಮ್ಮ ರೋಲು ಹಳೆಯದಿರಬಹುದು. ಇದ್ದರೆ ದಯವಿಟ್ಟು ಮಾಮೂಲಿ ಸ್ಟುಡಿಯೋಗೆ ಕೊಡಬೇಡಿ. ಅಲ್ಲಿನ ಮೆಷಿನ್ ನಡೆಸುವುದು ಸಿ-41 ಎಂಬ, ಮಾಮೂಲಿ ಕಲರ್ ರೋಲು ತೊಳೆಯುವ ಕ್ರಮದಲ್ಲಿ. ಆ ಕಪ್ಪು ಕಳಚಿ ದ್ರಾವಣಕ್ಕೆ ಸೇರಿದರೆ ಬೇರೆಯವರ ರೋಲುಗಳೂ ಹಾಳು. ಯಾರದೋ ಮಗುವಿನ ನಾಮಕರಣದ ಫೋಟೋ ಅದರಲ್ಲಿರಬಹುದು, ಅಲ್ವಾ? ಪದರ ಇದೆಯೋ ಇಲ್ಲವೋ ಮನೆಯಲ್ಲೇ ನೋಡಬಹುದು. ಹೊರಗೆ ಚಾಚಿದ ಫಿಲ್ಮ್ ತುದಿಯ ಹಿಂಬದಿಗೆ ಅಡುಗೆ ಸೋಡಾ ಕಲಸಿದ ನೀರನ್ನು ಬೆರಳಲ್ಲಿ ಹಚ್ಚಿ, ಸ್ವಲ್ಪ ಬಿಟ್ಟು ಉಜ್ಜಿ. ಬೆರಳು ಕಪ್ಪಾದರೆ ಪದರ ಇದೆ ಎಂದೇ ಅರ್ಥ. ಆ ತುದಿ ಪೂರ್ತಿ ಒಣಗಿದ ಮೇಲೆ ಲೋಡ್ ಮಾಡಿ.

ಇದಕ್ಕೆ ಸರಿಯಾದ ಕ್ರಮದ ಹೆಸರು ಇಸಿಎನ್-2. ಅದನ್ನು ಮಾಡುವ ಲ್ಯಾಬಿಗೆ ಮೊದಲೇ ಫೋನ್ ಮಾಡಿ ಕೇಳಿ. ಪದರ ತೊಳೆದು ಸಿ-41ರಲ್ಲೇ ಮಾಡಿಕೊಡುವವರೂ ಇದ್ದಾರೆ, ಆದರೆ ಕಾಂಟ್ರಾಸ್ಟ್ ಏರುತ್ತದೆ, ಬಣ್ಣ ಬದಲಾಗುತ್ತದೆ. ಮೊದಲ ರೋಲಿಗೆ ನಾನು ಅದನ್ನು ಹೇಳುವುದಿಲ್ಲ. ಫಿಲ್ಮಿನ ನಿಜವಾದ ಬಣ್ಣ ಯಾವುದು, ದ್ರಾವಣ ತಂದ ಬಣ್ಣ ಯಾವುದು ಎಂದು ನಿಮಗೆ ತಿಳಿಯುವುದೇ ಇಲ್ಲ.

ಬೇಸಿಗೆಯಾದರೆ ರೋಲನ್ನು ಬೈಕಿನ ಡಿಕ್ಕಿಯಲ್ಲಿ ಬಿಡಬೇಡಿ. ಫ್ರಿಜ್ಜಿನಲ್ಲಿಟ್ಟಿದ್ದರೆ ಹೊರತೆಗೆದು ಒಂದೆರಡು ಗಂಟೆ ಕಾದು ಡಬ್ಬಿ ತೆರೆಯಿರಿ, ಇಲ್ಲದಿದ್ದರೆ ಒಳಗೆ ತೇವ ಕಟ್ಟುತ್ತದೆ. ರೋಲು ಮುಗಿದ ಮೇಲೆ ಅದರ ಮೇಲೆ ‘ಇಸಿಎನ್-2’ ಎಂದೂ, ಬೆರಳು ಕಪ್ಪಾಗಿದ್ದರೆ ‘ರೆಮ್‌ಜೆಟ್ ಇದೆ’ ಎಂದೂ ದಪ್ಪಗೆ ಬರೆದು, ಆ ವಾರದಲ್ಲೇ ಕಳಿಸಿ. ನಿಮ್ಮ ಚೀಟಿ ಮಾತ್ರ ಮನೆಯಲ್ಲೇ ಇರಲಿ.