ನಿಂತಲ್ಲೇ ತಿನ್ನುವ ಕಾರು

ಓದುಗರೊಬ್ಬರ ಪತ್ರ ಬಂದಿದೆ, ಹೆಸರು ಹಾಕಬೇಡಿ ಎಂದಿದ್ದಾರೆ. ಅವರ ಆಫೀಸು ಮನೆಯಿಂದ 9 ಕಿ.ಮೀ. ದಿನಾ ಬಸ್ಸು, ಕಾದು ಕಾದು ಸಾಕಾಗಿದೆ. ತಾಯಿಗೆ ಮಂಡಿನೋವು, ತಿಂಗಳಿಗೆ ಎರಡು ಸಲ ಟ್ಯಾಕ್ಸಿ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ. "ಪೆಟ್ರೋಲಿನ ಲೆಕ್ಕ ಹಾಕಿದೆ, ಟ್ಯಾಕ್ಸಿಗಿಂತ ಎಷ್ಟೋ ಅಗ್ಗ. ಸಾಲ ಮಾಡಿ ಹೊಸ ಕಾರು ತಗೊಂಡುಬಿಡೋದೇ ಜಾಣತನ ಅಲ್ವಾ?" ಎಂದು ಕೇಳಿದ್ದಾರೆ.

ಪ್ರಿಯ ಓದುಗರೇ, ನಿಮ್ಮ ಲೆಕ್ಕ ತಪ್ಪಿಲ್ಲ. ಆದರೆ ಅರ್ಧಕ್ಕೇ ನಿಂತಿದೆ. ಪೆಟ್ರೋಲು ಖರ್ಚಾಗುವುದು ಕಾರು ಓಡಿದಾಗ. ದಿನಕ್ಕೆ ಒಂದು ಗಂಟೆ ಓಡಿಸುತ್ತೀರಿ ಅನ್ನಿ, ಮಿಕ್ಕ 23 ಗಂಟೆ ಅದು ನಿಂತೇ ಇರುತ್ತದೆ. ನಿಂತರೂ ಅದರ ಬೆಲೆ ಇಳಿಯುತ್ತದೆ, ಸಾಲಕ್ಕೆ ಬಡ್ಡಿ ಬೀಳುತ್ತದೆ, ಕಟ್ಟಿದ ವಿಮೆ ಸವೆಯುತ್ತದೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅಂತಾರಲ್ಲ, ಕಾರಿಗೇ ಹೇಳಿ ಮಾಡಿಸಿದ ಮಾತು ಅದು.

ಕಾರಿನ ಬೆಲೆ 100 ಅಂತ ಇಟ್ಟುಕೊಳ್ಳಿ. ಹೊಸ ಕಾರು ಐದು ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧ ಬೆಲೆಗೆ ಬರುತ್ತದೆ. ಅಲ್ಲಿಗೆ 50 ಹೋಯಿತು. 80 ಸಾಲ ಮಾಡಿದ್ದರೆ, ಶೇ. 9ರ ಬಡ್ಡಿಯಲ್ಲಿ ಐದು ವರ್ಷದ ಕಂತು ತೀರುವಾಗ ಬಡ್ಡಿಯೇ 20ರ ಹತ್ತಿರ ಆಗಿರುತ್ತದೆ. ಕಂತು ಸಣ್ಣದಾಗಲಿ ಅಂತ ಏಳು ವರ್ಷಕ್ಕೆ ಎಳೆದಿರೋ, 28. ಐದು ವರ್ಷದ್ದೇ ಹಿಡಿಯೋಣ. 50, 20 ಸೇರಿ 70. ಅದನ್ನು 60 ತಿಂಗಳಿಗೆ ಹಂಚಿದರೆ ತಿಂಗಳಿಗೆ 1ಕ್ಕಿಂತ ಸ್ವಲ್ಪ ಜಾಸ್ತಿ. ಅಂದರೆ ಕಾರಿನ ಬೆಲೆಯ ನೂರನೇ ಒಂದು ಪಾಲು ಪ್ರತಿ ತಿಂಗಳೂ ಹೋಗುತ್ತಿರುತ್ತದೆ, ನೀವು ಕೀಲಿ ಮುಟ್ಟದಿದ್ದರೂ. ವಿಮೆ, ಸರ್ವಿಸ್, ಟೈರು, ಪಾರ್ಕಿಂಗ್ ಇದಕ್ಕಿನ್ನೂ ಸೇರಿಲ್ಲ.

ಈಗ ನೀವು ನೋಡಿಟ್ಟಿರುವ ಕಾರಿನ ಬೆಲೆಯನ್ನು ನೂರರಿಂದ ಭಾಗಿಸಿ. ಆ ದುಡ್ಡಿಗೆ ತಿಂಗಳಲ್ಲಿ ಎಷ್ಟು ಸಲ ಟ್ಯಾಕ್ಸಿ ಸಿಗುತ್ತದೆ? ಅಮ್ಮನ ಆಸ್ಪತ್ರೆ ಓಡಾಟ ಅದರಲ್ಲಿ ಕಳೆಯಿರಿ. ಮಳೆ ಹಿಡಿದ ದಿನ, ಬಸ್ಸು ತಪ್ಪಿದ ದಿನ ನಿಮಗೂ ಒಂದಷ್ಟು ಇಟ್ಟುಕೊಳ್ಳಿ. ಆಮೇಲೂ ದುಡ್ಡು ಮಿಕ್ಕರೆ ಕಾರು ಬೇಡ ಅನ್ನುವುದೇ ನನ್ನ ಅಭಿಪ್ರಾಯ.

ನಿಮ್ಮ ಆಫೀಸಿನ ಓಡಾಟ ವರ್ಷಕ್ಕೆ 5,000 ಕಿ.ಮೀ. ಕೂಡ ಆಗುವುದಿಲ್ಲ. 15,000 ಓಡಿಸುವವರಿಗೂ ಈ ನಿಂತ ಖರ್ಚು ಸುಮಾರು ಇಷ್ಟೇ. ಅವರು ಅದನ್ನು ಮೂರು ಪಟ್ಟು ದೂರಕ್ಕೆ ಹಂಚಿಕೊಳ್ಳುತ್ತಾರೆ. ಪೆಟ್ರೋಲಿನದ್ದೂ ಒಂದು ಮಾತು: ಎಂಜಿನ್ ಬಿಸಿಯಾಗುವ ಮೊದಲ ಕೆಲವು ಕಿ.ಮೀ. ಜಾಸ್ತಿ ಕುಡಿಯುತ್ತದೆ. ಸಣ್ಣ ದೂರಕ್ಕೆ ಕಂಪನಿ ಹೇಳಿದ ಮೈಲೇಜು ನಂಬಬೇಡಿ.

ನನ್ನ ಹತ್ತಿರವೂ ಕಾರಿತ್ತು. ಓಡಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು. ಒಮ್ಮೆ ಮೂರು ವಾರ ನಿಲ್ಲಿಸಿ ಬಂದು ನೋಡಿದರೆ ಬ್ಯಾಟರಿ ಕೂತುಬಿಟ್ಟಿತ್ತು. ಟೈರುಗಳು ಇನ್ನೂ ಸವೆದಿರಲಿಲ್ಲ, ಆದರೆ ರಬ್ಬರು ವಯಸ್ಸಾಗಿ ಬಿರುಕು ಬಿಟ್ಟಿತ್ತು. ಓಡಿಸದೆ ಉಳಿಸುತ್ತಿದ್ದೇನೆ ಅಂದುಕೊಂಡಿದ್ದೆ ನಾನು! ಅದಕ್ಕಿಂತ ದೊಡ್ಡ ಪೆಟ್ಟು ಬೇರೆ. ಕಾರು ಬಂದ ಮೇಲೆ ಮನಸ್ಸು ಬಸ್ ಟಿಕೆಟ್ಟನ್ನು ಬರೀ ಪೆಟ್ರೋಲಿನ ಜೊತೆ ತೂಗುತ್ತದೆ. ಮಿಕ್ಕ ಖರ್ಚು ಹೇಗೂ ಆಗಿಹೋಗಿದೆಯಲ್ಲ. ಎರಡು ಬೀದಿ ಆಚೆಯ ಅಂಗಡಿಗೂ ನಾನು ಕಾರು ತೆಗೆಯುತ್ತಿದ್ದೆ.

ಸಮಯ ಉಳಿಯುತ್ತದೆ ಎಂದೂ ಬರೆದಿದ್ದೀರಿ. ಉಳಿಯುತ್ತದೆ, ನಿಜ. ಆದರೆ ಕಂತು ಕಟ್ಟಲು ದುಡಿದ ಗಂಟೆಗಳನ್ನೂ ಎಣಿಸಬೇಕು. 1970ರ ದಶಕದಲ್ಲಿ ಇವಾನ್ ಇಲಿಚ್ ಎಂಬ ಚಿಂತಕ ಅಮೆರಿಕದ ಸಾಮಾನ್ಯ ಗಂಡಸಿನ ಲೆಕ್ಕ ಹೀಗೆ ಹಾಕಿದ್ದರು. ಓಡಿಸುವುದು, ನಿಲ್ಲಿಸಲು ಜಾಗ ಹುಡುಕುವುದು, ಅದಕ್ಕಾಗಿ ದುಡಿಯುವುದು ಎಲ್ಲ ಸೇರಿ ವರ್ಷಕ್ಕೆ 1,600 ಗಂಟೆ. ಹೋದ ದೂರ 7,500 ಮೈಲಿ. ಗಂಟೆಗೆ ಐದು ಮೈಲಿಯೂ ಆಗಲಿಲ್ಲ, ಚುರುಕಾಗಿ ನಡೆಯುವವನಿಗಿಂತ ತುಸು ಜಾಸ್ತಿ ಅಷ್ಟೇ. ಸ್ವಲ್ಪ ತುಂಟ ಲೆಕ್ಕ ಅದು, ಆದರೂ ನನಗಿಷ್ಟ.

ಹಾಗಂತ ಕಾರು ಯಾರಿಗೂ ಬೇಡ ಅಂತಲ್ಲ. ರಾತ್ರಿ ಪಾಳಿಯವರಿಗೆ, ಬಸ್ಸೇ ಇಲ್ಲದ ಕಡೆ ಇರುವವರಿಗೆ, ಸಾಮಾನು ಹೊತ್ತು ತಿರುಗುವ ಕೆಲಸದವರಿಗೆ ಈ ಲೆಕ್ಕ ತಲೆಕೆಳಗಾಗುತ್ತದೆ. ತಾಯಿಗೆ ನಡುರಾತ್ರಿ ಏನಾದರೂ ಆದರೆ ಅನ್ನುವ ನಿಮ್ಮ ಭಯಕ್ಕಂತೂ ನನ್ನಲ್ಲಿ ಲೆಕ್ಕವಿಲ್ಲ. ಆ ಹೊತ್ತಿನಲ್ಲಿ ನಿಮ್ಮ ಕಡೆ ಟ್ಯಾಕ್ಸಿ ಸಿಗುವುದೇ ಇಲ್ಲ ಅನ್ನುವುದಾದರೆ ಕಾರು ತಗೊಳ್ಳಿ, ನಾನು ಎದುರಾಡುವುದಿಲ್ಲ. ಹೊಸದು ಮಾತ್ರ ಬೇಡ. ಮೂರು ನಾಲ್ಕು ವರ್ಷ ಓಡಿದ್ದನ್ನು ನಂಬಿಕೆಯ ಮೆಕ್ಯಾನಿಕ್‌ಗೆ ತೋರಿಸಿ ಕೊಳ್ಳಿ. ಬೆಲೆ ಜೋರಾಗಿ ಇಳಿಯುವ ಮೊದಲ ವರ್ಷಗಳ ನಷ್ಟ ಬೇರೆಯವರು ಹೊತ್ತಿರುತ್ತಾರೆ.

ಅದಕ್ಕೂ ಮುಂಚೆ ಎಲ್ಲಿ ನಿಲ್ಲಿಸುತ್ತೀರಿ, ಯೋಚಿಸಿದ್ದೀರಾ? ಪತ್ರದಲ್ಲಿ ಆ ಮಾತೇ ಇಲ್ಲ. ಜಪಾನಿನಲ್ಲಿ 1962ರಲ್ಲಿ ಬಂದ ಕಾನೂನಿನ ಪ್ರಕಾರ, ನಿಲ್ಲಿಸಲು ಜಾಗವಿದೆ ಅಂತ ತೋರಿಸದೆ ಹೆಚ್ಚಿನ ಕಡೆ ಕಾರು ನೋಂದಣಿಯೇ ಆಗುವುದಿಲ್ಲ. ನಿಮ್ಮ ಮನೆ ಹತ್ತಿರ ಒಂದು ಜಾಗದ ಬಾಡಿಗೆ ಎಷ್ಟು ಅಂತ ವಿಚಾರಿಸಿ, ಅದನ್ನೂ ಆ ನೂರನೇ ಪಾಲಿಗೆ ಸೇರಿಸಿ. ಎರಡು ತಿಂಗಳು ಎಲ್ಲ ಓಡಾಟವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ: ಎಲ್ಲಿಗೆ, ಎಷ್ಟು ಹೊತ್ತಿಗೆ, ಖರ್ಚೆಷ್ಟು, ಕಾದದ್ದು ಎಷ್ಟು. ಆಮೇಲೆ ಇನ್ನೊಂದು ಪತ್ರ ಬರೆಯಿರಿ. ಕಾರು ತಗೊಂಡೇ ಬರೆದರೂ ಬೇಜಾರಿಲ್ಲ.

- ಸಂಪಾದಕ