ವರ್ಕ್ ಬೆಂಚಿನ ಮೇಲೆ ಎಂಥ ಲೈಟು ಹಾಕಿದರೆ ಬೆಳಕೂ ಸಾಕಾಗಿ ಕರೆಂಟೂ ಉಳಿಯುತ್ತದೆ?

50 ವ್ಯಾಟಿನ ಫ್ಲಡ್‌ಲೈಟ್ ತರಬೇಡಿ. ಅಂಗಡಿಯವರು ಅದನ್ನೇ ತೋರಿಸುತ್ತಾರೆ, ಹಚ್ಚಿದ ಕೂಡಲೇ ಕಣ್ಣು ಕೋರೈಸುವುದರಿಂದ ನಮಗೂ ಅದೇ ಸರಿ ಅನ್ನಿಸುತ್ತದೆ. ಆದರೆ ನಿಮ್ಮ ತೊಂದರೆಗೆ ಅದು ಮದ್ದಲ್ಲ.

ನೀವು ಹೇಳಿರುವುದು ಇಷ್ಟು: ಮನೆ ಹಿಂದೆ ಮಂಗಳೂರು ಹಂಚಿನ ಶೆಡ್ಡು, ಗೋಡೆಗೆ ತಾಗಿಸಿ ಇಟ್ಟ ಆರು ಅಡಿ ಉದ್ದ, ಎರಡೂವರೆ ಅಡಿ ಅಗಲದ ಬೆಂಚು. ಹತ್ತು ಅಡಿ ಮೇಲೆ ಪಕಾಸಿಗೆ ಹೊಡೆದ ಎರಡು ಹಳೇ ಟ್ಯೂಬ್‌ಲೈಟು. ಒಂದಷ್ಟು ಮರಗೆಲಸ, ಒಂದಷ್ಟು ಮಿಕ್ಸಿ, ರೇಡಿಯೋ ರಿಪೇರಿ. ಎರಡೂ ಟ್ಯೂಬು ಉರಿಯುತ್ತಿದ್ದರೂ ಕೆಲಸದ ಮೇಲೆ ನಿಮ್ಮದೇ ತಲೆಯ ನೆರಳು. ಸಾಗರದಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಕೆಲಸ, ಶೆಡ್ಡೂ ಹೆಚ್ಚುಕಡಿಮೆ ಇಂಥದ್ದೇ. ಹಾಗಾಗಿ ಕೈಯಲ್ಲಿರುವ ಲೆಕ್ಕ ಸಮೇತ ಹೇಳುತ್ತೇನೆ.

ನಿಮ್ಮಲ್ಲಿ ಬೆಳಕು ಕಡಿಮೆ ಇಲ್ಲ, ದೂರ ಜಾಸ್ತಿ ಇದೆ. ಹಳೇ 40 ವ್ಯಾಟಿನ ದಪ್ಪ ಟ್ಯೂಬು ಸುಮಾರು 2500 ಲ್ಯೂಮೆನ್ ಕೊಡುತ್ತದೆ. ಎರಡಕ್ಕೆ 5000. ಸಣ್ಣ ಸಂಖ್ಯೆಯೇನಲ್ಲ. ಆದರೆ ಟ್ಯೂಬು ಸುತ್ತಲೂ ಬೆಳಕು ಚೆಲ್ಲುತ್ತದೆ, ಮೇಲಕ್ಕೆ ಹೋದದ್ದನ್ನು ವಾಪಸ್ ಕಳಿಸಲು ನಿಮಗೆ ಬಿಳಿ ಸೀಲಿಂಗ್ ಇಲ್ಲ. ಕಪ್ಪಾದ ಹಂಚು, ಹೊಗೆ ಹಿಡಿದ ರೀಪು ಎಲ್ಲವನ್ನೂ ನುಂಗುತ್ತವೆ. ಕೆಳಕ್ಕೆ ಬಂದದ್ದು ಏಳಡಿ ಇಳಿಯುವಷ್ಟರಲ್ಲಿ ಇಡೀ ಶೆಡ್ಡಿಗೆ ಹರಡಿಹೋಗಿರುತ್ತದೆ. ಲೆಕ್ಕ ಹಾಕಿದರೆ ನಿಮ್ಮ ಬೆಂಚಿನ ಮೇಲೆ ಬೀಳುತ್ತಿರುವುದು 100ರಿಂದ 150 ಲಕ್ಸ್. ಟ್ಯೂಬಿಗೆ ವಯಸ್ಸಾಗಿದ್ದರೆ ಅದಕ್ಕೂ ಕಮ್ಮಿ.

ಲ್ಯೂಮೆನ್ ಅಂದರೆ ದೀಪದಿಂದ ಹೊರಟದ್ದು, ಲಕ್ಸ್ ಅಂದರೆ ಒಂದು ಚದರ ಮೀಟರಿಗೆ ಬಂದು ತಲುಪಿದ್ದು. ಡಬ್ಬಿಯ ಮೇಲೆ ಬರೆದಿರುವುದು ಮೊದಲನೆಯದು, ನಿಮಗೆ ಬೇಕಾದದ್ದು ಎರಡನೆಯದು. ಬಡಗಿ ಬೆಂಚಿಗೆ 300 ಲಕ್ಸ್, ಮರಗೆಲಸದ ಮೆಷಿನ್ನಿಗೆ 500, ಸೂಕ್ಷ್ಮ ಎಲೆಕ್ಟ್ರಾನಿಕ್ಸ್ ಜೋಡಣೆಗೆ 750ರಿಂದ 1000 ಅಂತ ಯುರೋಪಿನ ಮಾನದಂಡ ಹೇಳುತ್ತದೆ. ನಮ್ಮಲ್ಲೂ ಒಳಾಂಗಣ ಬೆಳಕಿಗೆ ಐಎಸ್ 3646 ಅಂತ ಒಂದು ಮಾನದಂಡ ಇದೆ. ನಲವತ್ತೈದು ದಾಟಿದವರು ಇದಕ್ಕಿಂತ ಜಾಸ್ತಿಯೇ ಇಟ್ಟುಕೊಳ್ಳಿ, ಕಣ್ಣು ಮೊದಲಿನಂತಿರುವುದಿಲ್ಲ. ಬೆಂಚಿನ ತುಂಬ 500, ಕಣ್ಣಿಟ್ಟು ನೋಡುವ ಒಂದು ಗೇಣು ಜಾಗಕ್ಕೆ ಮಾತ್ರ 1000. ಹೀಗೆ ಹಂಚಿಕೊಂಡರೆ ಅರ್ಧ ಉಳಿತಾಯ ಅಲ್ಲೇ ಆಯಿತು. ಇಡೀ ಶೆಡ್ಡನ್ನು 1000 ಲಕ್ಸ್ ಮಾಡಲು ಹೊರಟರೆ ಅದು ಕಲ್ಯಾಣ ಮಂಟಪದ ಖರ್ಚು.

ಈಗ ದೂರದ ವಿಷಯ. ನಾಲ್ಕಡಿ ಉದ್ದದ 20 ವ್ಯಾಟಿನ ಸಾಮಾನ್ಯ ಎಲ್‌ಇಡಿ ಬ್ಯಾಟನ್ (ಪಟ್ಟಿಯಲ್ಲೇ ದೀಪ ಕೂರಿಸಿದ ಉದ್ದನೆಯ ಲೈಟು) ಸುಮಾರು 2000 ಲ್ಯೂಮೆನ್ ಕೊಡುತ್ತದೆ, ಅದರಲ್ಲಿ ಬಹುಪಾಲು ಕೆಳಮುಖವಾಗಿಯೇ. ಅದನ್ನು ಈಗಿನ ಟ್ಯೂಬಿನ ಜಾಗಕ್ಕೇ, ಅಂದರೆ ಬೆಂಚಿನಿಂದ 2.1 ಮೀಟರ್ ಮೇಲೆ ಹೊಡೆದರೆ ಸರಿ ಕೆಳಗೆ ಸುಮಾರು 135 ಲಕ್ಸ್ ಸಿಗುತ್ತದೆ. ಅದೇ ಬ್ಯಾಟನ್ನನ್ನು ಸರಪಳಿ ಕಟ್ಟಿ 1.2 ಮೀಟರಿಗೆ ಇಳಿಸಿದರೆ ಸುಮಾರು 380. ವ್ಯಾಟ್ ಅಷ್ಟೇ, ಬಿಲ್ ಅಷ್ಟೇ, ಬೆಳಕು ಹತ್ತಿರ ಹತ್ತಿರ ಮೂರು ಪಟ್ಟು. ದೀಪದ ಎಫಿಷಿಯನ್ಸಿ ಬಗ್ಗೆ ಜನ ಗಂಟೆಗಟ್ಟಲೆ ಚರ್ಚೆ ಮಾಡುತ್ತಾರೆ, ಒಂದು ವ್ಯಾಟಿಗೆ 100 ಲ್ಯೂಮೆನ್ನಾ 120 ಲ್ಯೂಮೆನ್ನಾ ಅಂತ. ಮೂರಡಿ ಸರಪಳಿಯಷ್ಟು ಲಾಭ ಕೊಡುವ ಎಲ್‌ಇಡಿ ಯಾವ ಕಂಪನಿಯಲ್ಲೂ ಇಲ್ಲ.

ಬೆಂಚು ನೆಲದಿಂದ ಮೂರಡಿ ಇದ್ದರೆ ಬ್ಯಾಟನ್ ಏಳಡಿಯಲ್ಲಿ ನಿಲ್ಲುತ್ತದೆ. ತಲೆಗೆ ತಾಗುವುದಿಲ್ಲ. ಉದ್ದನೆಯ ಹಲಗೆ ಎತ್ತಿ ತಿರುಗಿಸುವಾಗ ತಾಗಬಹುದು, ಅದಕ್ಕೇ ಗಟ್ಟಿ ಸರಳಿನ ಬದಲು ಸರಪಳಿ. ಪೆಟ್ಟು ಬಿದ್ದರೆ ತೂಗಾಡುತ್ತದೆ, ಒಡೆಯುವುದಿಲ್ಲ. ಇನ್ನೊಂದು ಲಾಭವೂ ಇದೆ. ಬೇಸಿಗೆಯಲ್ಲಿ ಹಂಚಿನ ಅಡಿ ಸೇರುವ ಸೆಕೆಗೆ ಎಲ್‌ಇಡಿ ಚಿಪ್ಪಿಗಿಂತ ಮೊದಲು ಸಾಯುವುದು ಅದರ ಡ್ರೈವರ್‌ನೊಳಗಿನ, ಅಂದರೆ ಮನೆ ಕರೆಂಟನ್ನು ಎಲ್‌ಇಡಿಗೆ ಹೊಂದಿಸಿ ಕೊಡುವ ಸರ್ಕ್ಯೂಟಿನೊಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಹತ್ತು ಡಿಗ್ರಿ ಶಾಖ ಏರಿದರೆ ಅದರ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ನಮ್ಮ ಕಸುಬಿನ ಹಳೇ ಲೆಕ್ಕ. ಕೆಳಗೆ ಇಳಿಸಿದಷ್ಟೂ ಅದಕ್ಕೆ ಗಾಳಿ. ಸಿಮೆಂಟ್ ಶೀಟಿನ ಶೆಡ್ಡಾದರೆ ಇದು ಇನ್ನೂ ಮುಖ್ಯ.

ನಿಮಗೆ ಎರಡು ಬ್ಯಾಟನ್ ಸಾಕು, ಒಟ್ಟು 40 ವ್ಯಾಟ್. ಎರಡನ್ನೂ ಬೆಂಚಿನ ಉದ್ದಕ್ಕೆ ಸಮಾನಾಂತರವಾಗಿ, ಒಂದಕ್ಕೊಂದು ಎರಡಡಿ ಅಂತರದಲ್ಲಿ ಕಟ್ಟಿದರೆ ನಡುವೆ 650ರಿಂದ 700 ಲಕ್ಸ್ ಬರುತ್ತದೆ. ಮರದ ಹೊಟ್ಟು ಕೂತು, ಎಲ್‌ಇಡಿಗೆ ವಯಸ್ಸಾಗಿ ಕಾಲು ಭಾಗ ಹೋಯಿತೆಂದರೂ 500 ಉಳಿಯುತ್ತದೆ. ಈ ಕಾಲು ಭಾಗವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಹೊಸದರಲ್ಲಿ ನೋಡಿ ಸಾಕು ಅಂದುಕೊಂಡರೆ ಎರಡು ವರ್ಷಕ್ಕೆ ಮತ್ತೆ ಮೂರನೆಯದು ತರುವ ಯೋಚನೆ ಶುರುವಾಗುತ್ತದೆ.

ನೆರಳು ಹೋಗುವುದು ಬ್ಯಾಟನ್ ಎಲ್ಲಿ ನಿಲ್ಲುತ್ತದೆ ಅನ್ನುವುದರ ಮೇಲೆ. ಈಗ ನಿಮ್ಮ ಟ್ಯೂಬು ಶೆಡ್ಡಿನ ನಡುಮಧ್ಯೆ, ಅಂದರೆ ನಿಮ್ಮ ಬೆನ್ನ ಹಿಂದೆ ಇದೆ. ಬೆಂಚಿಗೆ ಬಾಗಿದರೆ ತಲೆಯೇ ಛತ್ರಿ. ಒಂದು ಬ್ಯಾಟನ್ ಬೆಂಚಿನ ಮುಂದಂಚಿನ ನೇರಕ್ಕೆ ಬರಲಿ, ಇನ್ನೊಂದು ಅಲ್ಲಿಂದ ಗೋಡೆಯ ಕಡೆಗೆ. ನಿಮ್ಮ ಹಿಂದಕ್ಕೆ ಮಾತ್ರ ಯಾವುದೂ ಹೋಗಬಾರದು. ನಾಲ್ಕಡಿ ಉದ್ದದ ದೀಪದಲ್ಲಿ ಒಂದು ಗುಣ ಇದೆ: ಕೈ ಅಡ್ಡ ಬಂದರೂ ಅದರ ಒಂದು ತುದಿಯ ಬೆಳಕನ್ನಷ್ಟೇ ತಡೆಯುತ್ತದೆ, ಉಳಿದದ್ದು ಪಕ್ಕದಿಂದ ಬಂದೇ ಬರುತ್ತದೆ. ನೆರಳು ಇದ್ದರೂ ಅಂಚು ಮೆತ್ತಗೆ. ಫ್ಲಡ್‌ಲೈಟು ಒಂದೇ ಚುಕ್ಕಿಯಿಂದ ಸುರಿಯುವುದರಿಂದ ಸ್ಕ್ರೂಡ್ರೈವರಿನ ನೆರಳು ಸ್ಕ್ರೂ ಮೇಲೇ ಗೆರೆ ಕೊರೆದಂತೆ ಬೀಳುತ್ತದೆ. ಅದನ್ನು ಬೇಡ ಅಂದದ್ದು ಇದಕ್ಕೆ.

ಬೋರ್ಡಿನ ಮೇಲೆ ಬೆಸುಗೆ ಹಾಕುವಾಗ ಗೋಡೆ ಕಡೆಯ ಬ್ಯಾಟನ್ ಹೊಳಪು ಸೀಸದಲ್ಲಿ ಪ್ರತಿಫಲಿಸಿ ಕಣ್ಣಿಗೆ ಹೊಡೆಯುತ್ತದೆ. ಆಗ ಅದನ್ನು ಆರಿಸಿ ಕೆಲಸ ಮಾಡಿ. ಎರಡಕ್ಕೂ ಬೇರೆ ಬೇರೆ ಸ್ವಿಚ್ ಇಡಲೇಬೇಕು ಅನ್ನಲು ಇದೂ ಒಂದು ಕಾರಣ. ಸ್ವಿಚ್ ಬಾಗಿಲ ಬಳಿ ಬೇಡ, ಬೆಂಚಿನಿಂದ ಕೈ ಚಾಚಿದರೆ ಸಿಗುವಂತಿರಲಿ. ಎದ್ದುಹೋಗಿ ಆರಿಸಬೇಕಾದ ದೀಪವನ್ನು ಯಾರೂ ಆರಿಸುವುದಿಲ್ಲ.

ಸೂಕ್ಷ್ಮ ಕೆಲಸಕ್ಕೆ ಬಗ್ಗಿಸಿದಂತೆ ಬಗ್ಗುವ ಕತ್ತಿನ ಒಂದು ಟೇಬಲ್ ಲ್ಯಾಂಪು, ಅದಕ್ಕೆ 7 ವ್ಯಾಟಿನ ಬಲ್ಬು. ಒಂದೂಕಾಲು ಅಡಿ ದೂರಕ್ಕೆ ತಂದರೆ 1000 ಲಕ್ಸ್ ದಾಟುತ್ತದೆ. ಮಿಕ್ಸಿ ಆರ್ಮೇಚರಿನ (ಮೋಟಾರಿನ ತಿರುಗುವ ಭಾಗ) ಕಮ್ಯುಟೇಟರ್, ಅಂದರೆ ಕಾರ್ಬನ್ ಉಜ್ಜುವ ತಾಮ್ರದ ಪಟ್ಟಿಗಳ ನಡುವೆ ಕಾರ್ಬನ್ ಪುಡಿ ಕೂತಿದೆಯೋ ಇಲ್ಲವೋ ಅಂತ ನೋಡಲು ಮೇಲಿನಿಂದ ಎಷ್ಟು ಬೆಳಕು ಸುರಿದರೂ ಸುಖವಿಲ್ಲ, ಓರೆಯಾಗಿ ಪಕ್ಕದಿಂದ ಬೀಳಬೇಕು. ಮರಕ್ಕೆ ಉಜ್ಜುಕಾಗದ ಹಾಕಿದ ಮೇಲೆ ಉಳಿದ ಗೀರೂ ಹಾಗೆಯೇ: ಲ್ಯಾಂಪನ್ನು ಹಲಗೆಯ ಮಟ್ಟಕ್ಕೆ ಮಲಗಿಸಿದರೆ ಎದ್ದು ಕಾಣುತ್ತದೆ, ನೆತ್ತಿಯ ಬೆಳಕಲ್ಲಿ ಮಾಯ. ಬಲಗೈಯವರಾದರೆ ಲ್ಯಾಂಪು ಎಡಕ್ಕೆ.

ಬ್ಯಾಟನ್ ಕೊಳ್ಳುವಾಗ ಡಬ್ಬಿಯಲ್ಲಿ ವ್ಯಾಟ್ ಓದಬೇಡಿ, ಲ್ಯೂಮೆನ್ ಓದಿ. ಲ್ಯೂಮೆನ್ನನ್ನು ವ್ಯಾಟಿನಿಂದ ಭಾಗಿಸಿ 100ಕ್ಕಿಂತ ಕೆಳಗೆ ಬಂದರೆ ಬಿಟ್ಟುಬಿಡಿ. ಸಿಆರ್‌ಐ, ಅಂದರೆ ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವುದಕ್ಕೆ ನೂರಕ್ಕೆ ಕೊಡುವ ಅಂಕ, 80ಕ್ಕೆ ಕಮ್ಮಿ ಇರಬಾರದು, ಬರೆದೇ ಇಲ್ಲವಾದರೆ 80 ಇಲ್ಲ ಅಂತಲೇ ತಿಳಿಯಿರಿ. ರೇಡಿಯೋ ರಿಪೇರಿ ಮಾಡುವವರಿಗೆ ಇದು ಶೋಕಿಯಲ್ಲ. ಎಲ್‌ಇಡಿಯಲ್ಲಿ ನೀಲಿ ಬೆಳಕನ್ನು ಹಳದಿ ಪುಡಿಯ ಮೇಲೆ ಹಾಯಿಸಿ ಬಿಳಿ ಮಾಡುತ್ತಾರೆ, ಅಗ್ಗದ ಮಾಲಿನಲ್ಲಿ ಕೆಂಪು ಸೊರಗಿರುತ್ತದೆ. ಅಂಥ ಬೆಳಕಲ್ಲಿ ರೆಸಿಸ್ಟರಿನ ಕಂದು, ಕೆಂಪು, ಕಿತ್ತಳೆ ಪಟ್ಟಿ ಮೂರೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ಮೂರನೇ ಪಟ್ಟಿಯ ಕೆಂಪನ್ನು ಕಿತ್ತಳೆ ಅಂತ ಓದಿದರೆ ಓಮ್ ಲೆಕ್ಕ ಹತ್ತು ಪಟ್ಟು ತಪ್ಪುತ್ತದೆ. ಬಣ್ಣದ ತಾಪಮಾನ ನಮ್ಮ ಕಡೆ ಎಲ್ಲರೂ ಕೊಡುವುದು 6500 ಕೆಲ್ವಿನ್ನಿನ ನೀಲಿ ಛಾಯೆಯ ಬಿಳಿ. 4000 ಕೆಲ್ವಿನ್ನಿನದ್ದು ಕೇಳಿ ತರಿಸಿಕೊಳ್ಳಿ, ಪಾಲಿಷ್ ಬಣ್ಣ ಮನೆಯೊಳಗೆ ಹೇಗೆ ಕಾಣುತ್ತದೋ ಹೆಚ್ಚುಕಡಿಮೆ ಹಾಗೇ ಕಾಣುತ್ತದೆ.

ಮಿನುಗುವ ವಿಷಯ ಬಹಳ ಜನ ಬಿಟ್ಟುಬಿಡುತ್ತಾರೆ. ಕರೆಂಟು 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಆವರ್ತ, ಪ್ರತಿ ಆವರ್ತದಲ್ಲೂ ಎರಡು ಸಲ ಸೊನ್ನೆಗೆ ಇಳಿಯುತ್ತದೆ, ಆದ್ದರಿಂದ ಕಳಪೆ ಡ್ರೈವರ್ ಇರುವ ದೀಪ ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ತಿರುಗುವ ಮೆಷಿನ್ ಮಾತ್ರ ಅದನ್ನು ತೋರಿಸುತ್ತದೆ. ನಿಮ್ಮಲ್ಲೊಂದು ಲೇತು ಇದ್ದು, ಅದು 1440 ಆರ್‌ಪಿಎಂ (ನಿಮಿಷಕ್ಕೆ 1440 ಸುತ್ತು) ಮೋಟಾರಿಗೆ ನೇರ ಜೋಡಿಸಿದ್ದು ಅಂತಿಟ್ಟುಕೊಳ್ಳಿ, ಸೆಕೆಂಡಿಗೆ 24 ಸುತ್ತು. ಒಂದು ಮಿನುಗಿನಿಂದ ಇನ್ನೊಂದಕ್ಕೆ ಚಕ್ (ಮರವನ್ನು ಕಚ್ಚಿ ಹಿಡಿದು ತಿರುಗುವ ಭಾಗ) 86.4 ಡಿಗ್ರಿ ತಿರುಗಿರುತ್ತದೆ. ನಾಲ್ಕು ದವಡೆಯ ಚಕ್ ಆದರೆ 90 ಡಿಗ್ರಿಗೊಂದು ದವಡೆ. ಪ್ರತಿ ಮಿನುಗಿಗೂ 3.6 ಡಿಗ್ರಿ ಹಿಂದೆ ಬಿದ್ದಂತೆ ಕಂಡು, ಚಕ್ ಸೆಕೆಂಡಿಗೆ ಒಂದೇ ಸುತ್ತಿನ ವೇಗದಲ್ಲಿ ಉಲ್ಟಾ ತಿರುಗುತ್ತಿದೆ ಅನ್ನಿಸುತ್ತದೆ. ನಿಲ್ಲುತ್ತಾ ಬಂತು ಅಂದುಕೊಂಡು ಕೈ ಹಾಕುವುದು ಇಂಥ ಹೊತ್ತಲ್ಲೇ. ಹಳೇ ಚೋಕಿನ ಟ್ಯೂಬಿಗೂ ಈ ದೋಷ ಇತ್ತು. ದೊಡ್ಡ ಕಾರ್ಖಾನೆಗಳಲ್ಲಿ ಪಕ್ಕಪಕ್ಕದ ಟ್ಯೂಬುಗಳನ್ನು ಬೇರೆ ಬೇರೆ ಫೇಸಿಗೆ ಕೊಡುತ್ತಿದ್ದದ್ದು ಇದಕ್ಕೇ. ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು: ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಉರಿಯುವ ಬ್ಯಾಟನ್ನಿನ ವೀಡಿಯೋ ತೆಗೆಯಿರಿ. ಬೆಳಕು ಪಟಪಟ ಬಡಿಯುತ್ತಿದ್ದರೆ ಬೇರೆಯದು ಕೇಳಿ. ಅಂಗಡಿಯವರು ಮುಖ ಸಿಂಡರಿಸಿಕೊಂಡರೆ ಸಿಂಡರಿಸಿಕೊಳ್ಳಲಿ.

ಅದೇ ಮೊಬೈಲಿನಲ್ಲಿ ಲಕ್ಸ್ ಅಳೆಯುವ ಆ್ಯಪ್ ಹಾಕಿಕೊಳ್ಳಿ. ಬೆಳಕಿನ ಸೆನ್ಸರ್ ಪರದೆಯ ಕಡೆ ಇರುವುದರಿಂದ ಫೋನನ್ನು ಬೆಂಚಿನ ಮೇಲೆ ಅಂಗಾತ ಮಲಗಿಸಬೇಕು. ಸಂಖ್ಯೆ ಕರಾರುವಾಕ್ಕಾಗಿ ಇರುವುದಿಲ್ಲ, ಆದರೆ ಮೊದಲು ಎಷ್ಟಿತ್ತು, ಇಳಿಸಿದ ಮೇಲೆ ಎಷ್ಟಾಯಿತು, ಮೂಲೆಯಲ್ಲಿ ಎಷ್ಟು ಅಂತ ಹೋಲಿಸಲು ಧಾರಾಳ ಸಾಕು.

ದುಡ್ಡಿನ ಮಾತು. ನಿಮ್ಮ ಒಂದೊಂದು ಟ್ಯೂಬು ತಾಮ್ರದ ಚೋಕು ತಿನ್ನುವುದೂ ಸೇರಿ 50 ವ್ಯಾಟಿನ ಮೇಲೆ ಎಳೆಯುತ್ತದೆ, ಎರಡಕ್ಕೆ 104 ಅನ್ನಿ. ದಿನಕ್ಕೆ ಐದು ಗಂಟೆ, ತಿಂಗಳಿಗೆ 25 ದಿನ ಅಂದರೆ 13 ಯೂನಿಟ್. ಹೊಸದಕ್ಕೆ 5 ಯೂನಿಟ್. ಉಳಿಯುವುದು 8, ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ ಐವತ್ತು ರೂಪಾಯಿಯೂ ಆಗಲಿಲ್ಲ. ಬ್ಯಾಟನ್ನಿನ ದುಡ್ಡು ವಾಪಸ್ ಬರಲು ವರ್ಷದ ಮೇಲೆಯೇ ಬೇಕಾಗಬಹುದು. ಎಲ್‌ಇಡಿ ಹಾಕಿ ಬಿಲ್ ಅರ್ಧ ಮಾಡಿದೆ ಅನ್ನುವವರ ಮಾತು ನಂಬಬೇಡಿ. ಆದರೆ ಶೆಡ್ಡು ಮನೆಯ ಮೀಟರಿನಲ್ಲೇ ಇದ್ದು ಗೃಹಜ್ಯೋತಿಯಲ್ಲಿದ್ದರೆ ಲೆಕ್ಕ ಬೇರೆ. ನಿಮ್ಮ ಉಚಿತ ಮಿತಿಯನ್ನು 2022-23ರ ಸರಾಸರಿ ಬಳಕೆಯ ಮೇಲೆ ನಿಗದಿ ಮಾಡಿರುತ್ತಾರೆ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಗಡಿಯಲ್ಲಿ ಇರುವವರಿಗೆ ಆ 8 ಯೂನಿಟ್ಟು ಐವತ್ತು ರೂಪಾಯಿಯದ್ದಲ್ಲ.

ಕರೆಂಟಿಲ್ಲದೆ ಬೆಳಕು ಹೆಚ್ಚಿಸುವ ಎರಡು ಕೆಲಸ ಉಳಿದಿವೆ. ಬೆಂಚಿನ ಹಿಂದಿನ ಗೋಡೆಗೆ ಸುಣ್ಣ ಹೊಡೆಯಿರಿ. ಬಿಳಿ ಗೋಡೆ ಬಿದ್ದ ಬೆಳಕಿನ ಮುಕ್ಕಾಲು ಪಾಲನ್ನು ವಾಪಸ್ ಕೊಡುತ್ತದೆ, ಅದೂ ಎದುರಿನಿಂದ, ಅಂದರೆ ನೆರಳು ಇರುವ ಕಡೆಗೇ. ಮತ್ತೆ ಬೆಂಚಿನ ಮೇಲೆ ಎರಡು ಹಂಚು ತೆಗೆದು ಗಾಜಿನ ಹಂಚು ಕೂರಿಸಿ. ಮಾಡಿಗೆ ಉತ್ತರದ ಇಳಿಜಾರು ಇದ್ದರೆ ಅಲ್ಲೇ ಕೂರಿಸಿ, ದಕ್ಷಿಣಕ್ಕೆ ಹಾಕಿದರೆ ಚಳಿಗಾಲದಲ್ಲಿ ಬಿಸಿಲಿನ ಚೌಕ ಬೆಂಚಿನ ಮೇಲೆ ತೆವಳುತ್ತಾ ಕಣ್ಣಿಗೆ ಕಾಟ ಕೊಡುತ್ತದೆ. ಹಗಲು ಕೆಲಸ ಮಾಡುವವರಾದರೆ ಬ್ಯಾಟನ್ ಹಚ್ಚುವ ಪ್ರಮೇಯವೇ ಕಮ್ಮಿ, ಮಳೆಗಾಲ ಬಿಟ್ಟು.

ಹಳೇ ಟ್ಯೂಬಿನ ಪಟ್ಟಿಗೇ ಎಲ್‌ಇಡಿ ಟ್ಯೂಬು ಸಿಕ್ಕಿಸುವ ಆಸೆ ಬೇಡ. ಅಂಥ ಹಲವು ಟ್ಯೂಬುಗಳಿಗೆ ಚೋಕು, ಸ್ಟಾರ್ಟರ್ ಬೈಪಾಸ್ ಮಾಡಿ ಹೋಲ್ಡರಿಗೆ ನೇರ 230 ವೋಲ್ಟ್ ಕೊಡಬೇಕಾಗುತ್ತದೆ, ಆಮೇಲೆ ಯಾರೋ ತಿಳಿಯದೆ ಹಳೇ ಟ್ಯೂಬು ತಂದು ಹಾಕಿದರೆ ಅನಾಹುತ. ಪಟ್ಟಿಯನ್ನು ಪೂರ್ತಿ ಬಿಚ್ಚಿ. ಹೊಸ ಬ್ಯಾಟನ್ ಅಲ್ಯೂಮಿನಿಯಂ ಮೈಯದ್ದಾಗಿ ಅರ್ತ್ ವೈರಿಗೆ ಜಾಗ ಕೊಟ್ಟಿದ್ದರೆ ಅರ್ತ್ ಕೊಡಿ, ತೂಗಾಡುವ ವೈರಿನ ಭಾರ ಜಾಯಿಂಟಿನ ಮೇಲೆ ಬೀಳದಂತೆ ಸರಪಳಿಗೇ ಎರಡು ಕಡೆ ಕಟ್ಟಿ. ಪೆಡಸ್ಟಲ್ ಫ್ಯಾನ್ ಬದಲು ಮುಂದೆ ಸೀಲಿಂಗ್ ಫ್ಯಾನ್ ಹಾಕಿಸುವ ಯೋಚನೆ ಇದ್ದರೆ ಅದರ ಜಾಗವನ್ನು ಈಗಲೇ ಗುರುತು ಮಾಡಿಕೊಂಡು ಬ್ಯಾಟನ್ ಕಟ್ಟಿ, ರೆಕ್ಕೆ ದೀಪಕ್ಕೂ ಬೆಂಚಿಗೂ ನಡುವೆ ಬರಬಾರದು. ಬಂದರೆ ಎಷ್ಟು ಒಳ್ಳೆಯ ಡ್ರೈವರ್ ಇದ್ದರೂ ಬೆಳಕು ಮಿನುಗುತ್ತಲೇ ಇರುತ್ತದೆ.